ಲ್ಯಾಪ್‌ಟಾಪ್: ಅಂಗಡಿಯ ಬೆಲೆ ಬೇರೆ, ಓದು ಮುಗಿಯುವವರೆಗಿನ ಖರ್ಚು ಬೇರೆ



ಕೆಲವು ವರ್ಷಗಳ ಹಿಂದೆ ನಮ್ಮ ಟ್ರಸ್ಟಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಮೂರು ಬೇಡಿಕೆಗಳಿರುತ್ತಿದ್ದವು: ಕಾಲೇಜಿನ ಶುಲ್ಕ, ಪುಸ್ತಕ, ಬಸ್ ಪಾಸ್. ಈಗ ನಾಲ್ಕನೆಯದು ಸೇರಿಕೊಂಡಿದೆ. "ಲ್ಯಾಪ್‌ಟಾಪ್ ಬೇಕು" ಎಂಬ ಸಾಲು ವಿಜಯನಗರ, ಬಸವೇಶ್ವರನಗರದಿಂದ ಬರುವ ಅರ್ಜಿಯಲ್ಲೂ ಇರುತ್ತದೆ, ಪಾದರಾಯನಪುರ, ಗೋರಿಪಾಳ್ಯ, ಕೆಂಗೇರಿಯಿಂದ ಬರುವ ಅರ್ಜಿಯಲ್ಲೂ ಇರುತ್ತದೆ. ಇದು ಆಡಂಬರದ ಬೇಡಿಕೆಯಲ್ಲ. ಬಿಸಿಎ ಓದುವ ಹುಡುಗಿ ಫೋನಿನ ಪರದೆಯ ಮೇಲೆ ಪ್ರೋಗ್ರಾಂ ಬರೆದು ಕಲಿಯಲಾರಳು. ಇಂಜಿನಿಯರಿಂಗ್ ಹುಡುಗ ಕಾಲೇಜಿನ ಲ್ಯಾಬ್ ಬಾಗಿಲು ಹಾಕಿದ ಮೇಲೆ ಡ್ರಾಯಿಂಗ್ ಅಭ್ಯಾಸ ಮಾಡಲಾರ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯನ್ನು ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಟೈಪ್ ಮಾಡುವ ಮಕ್ಕಳು ಈಗಲೂ ನಮ್ಮ ನಡುವೆ ಇದ್ದಾರೆ.

ಬೇಡಿಕೆ ನ್ಯಾಯವಾದದ್ದು. ಯಾವ ಲ್ಯಾಪ್‌ಟಾಪ್ ಕೊಡಬೇಕು ಎಂಬ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. ದಾನಿಗಳ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಯಾವ ಲೆಕ್ಕದಲ್ಲಿ ಖರ್ಚು ಮಾಡುತ್ತೇವೆ ಎಂಬುದನ್ನು ದಾನಿಗಳಿಗೆ ತಿಳಿಸುವುದಕ್ಕೆ, ಮತ್ತು ಸ್ವಂತ ಹಣದಲ್ಲಿ ಕೊಳ್ಳುವ ಕುಟುಂಬಗಳು ಮೋಸ ಹೋಗದಿರಲಿ ಎಂಬುದಕ್ಕೆ ಈ ಲೇಖನ.

ಬಿಲ್ಲಿನ ಮೊತ್ತವಲ್ಲ, ಓದಿನ ವರ್ಷಗಳು

ಮೊದಲು ಒಂದು ಸಣ್ಣ ಲೆಕ್ಕ. ಇಲ್ಲಿನ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು. ಮಾರುಕಟ್ಟೆಯ ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

20,000 ರೂಪಾಯಿಯ ಹೊಸ, ತೀರಾ ಅಗ್ಗದ ಲ್ಯಾಪ್‌ಟಾಪ್ ಒಂದಿದೆ ಎಂದುಕೊಳ್ಳಿ. ಮೆಮೊರಿ ಕಡಿಮೆ, ಹೆಚ್ಚಿಸಲು ಜಾಗವಿಲ್ಲ. ಎರಡು ವರ್ಷದಲ್ಲಿ ಅದು ಕೆಲಸಕ್ಕೆ ಬಾರದಷ್ಟು ನಿಧಾನವಾದರೆ ವರ್ಷಕ್ಕೆ 10,000 ರೂಪಾಯಿ ಖರ್ಚಾದಂತೆ. ಇನ್ನೊಂದು ಕಡೆ, ಕಚೇರಿಯಲ್ಲಿ ಬಳಸಿ ಬಿಟ್ಟ ಗಟ್ಟಿಯಾದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 24,000 ರೂಪಾಯಿಗೆ ಸಿಗುತ್ತದೆ. ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 4,000 ಸೇರಿಸಿ. ಒಟ್ಟು 28,000. ಅದು ನಾಲ್ಕು ವರ್ಷ ನಡೆದರೆ ವರ್ಷಕ್ಕೆ 7,000.

ಈಗ ಇದೇ ಲೆಕ್ಕವನ್ನು ದಾನಿಯ ಕಡೆಯಿಂದ ನೋಡಿ. ಒಂದು ಲಕ್ಷ ರೂಪಾಯಿಗೆ ಮೊದಲ ಬಗೆಯ ಐದು ಲ್ಯಾಪ್‌ಟಾಪ್ ಬರುತ್ತವೆ. ಐದು ಮಕ್ಕಳು, ಎರಡೆರಡು ವರ್ಷ, ಒಟ್ಟು ಹತ್ತು ವರ್ಷದ ಓದು. ಅದೇ ಹಣದಲ್ಲಿ ಎರಡನೆಯ ಬಗೆಯವು ಮೂರು. ಮೂರು ಮಕ್ಕಳು, ನಾಲ್ಕು ನಾಲ್ಕು ವರ್ಷ, ಒಟ್ಟು ಹನ್ನೆರಡು ವರ್ಷದ ಓದು. ಮೇಲೆ 16,000 ರೂಪಾಯಿ ರಿಪೇರಿ ನಿಧಿಗೆ ಉಳಿಯುತ್ತದೆ. ವೇದಿಕೆಯ ಮೇಲೆ ಐದು ಮಕ್ಕಳು ನಿಂತ ಫೋಟೊ ಮೂವರು ನಿಂತ ಫೋಟೊಗಿಂತ ವಾರ್ಷಿಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಐವರಲ್ಲಿ ಪ್ರತಿಯೊಬ್ಬರೂ ಮೂರನೆಯ ವರ್ಷದಲ್ಲಿ, ಪ್ರಾಜೆಕ್ಟ್ ಮತ್ತು ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಾಗ, ಮತ್ತೆ ಕೈ ಚಾಚಬೇಕಾಗುತ್ತದೆ. ಆದ್ದರಿಂದ ಎಷ್ಟು ಲ್ಯಾಪ್‌ಟಾಪ್ ಹಂಚಿದೆವು ಎಂಬುದಕ್ಕಿಂತ ಎಷ್ಟು ವರ್ಷದ ಓದಿಗೆ ಆಸರೆಯಾಯಿತು ಎಂಬುದೇ ನಮ್ಮ ಅಳತೆ.

ಬೆಲೆಯೊಂದನ್ನೇ ನೋಡಿ ಹೊರಟವರ ಅನುಭವ ಪ್ರಪಂಚದಲ್ಲಿ ಬೇಕಾದಷ್ಟಿದೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದಾಗ ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂದು ಹೆಸರಾಯಿತು. ಅದರಲ್ಲಿದ್ದದ್ದು 256 ಎಂಬಿ ಮೆಮೊರಿ ಮತ್ತು ಒತ್ತಿ ಒತ್ತಿ ಬಳಸಬೇಕಾದ ಪರದೆ. ಮೊದಲ ಆವೃತ್ತಿಯ ಬಗ್ಗೆ ಬಂದ ದೂರುಗಳಲ್ಲಿ ಪರದೆ, ಬ್ಯಾಟರಿ, ವೇಗ ಎಲ್ಲವೂ ಇದ್ದವು. ದಕ್ಷಿಣ ಅಮೆರಿಕದ ಪೆರು ದೇಶ 'ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಲಕ್ಷಾಂತರ ಯಂತ್ರಗಳನ್ನು ಹಂಚಿತು. ಅಲ್ಲಿನ 300ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ನಡೆಸಿದ ಅಧ್ಯಯನ 2012ರಲ್ಲಿ ಹೊರಬಂತು: ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಯಂತ್ರ ಕೊಟ್ಟ ಮಾತ್ರಕ್ಕೆ ಓದು ಬರುವುದಿಲ್ಲ. ಯಾವ ಕೆಲಸಕ್ಕೆ, ಯಾರ ಮಾರ್ಗದರ್ಶನದಲ್ಲಿ ಎಂಬುದು ಮೊದಲೇ ಗೊತ್ತಿರಬೇಕು.

ಮೊದಲು ಕೋರ್ಸ್, ಆಮೇಲೆ ಯಂತ್ರ

"ಒಳ್ಳೆಯ ಲ್ಯಾಪ್‌ಟಾಪ್ ಯಾವುದು?" ಎಂದು ಕೇಳುವ ಪೋಷಕರಿಗೆ ನಾವು ಮರುಪ್ರಶ್ನೆ ಹಾಕುತ್ತೇವೆ: ಮಗು ಏನು ಓದುತ್ತಿದೆ?

ಪಿಯುಸಿ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಬೇಕಾದದ್ದು ಪಾಠದ ವಿಡಿಯೊ ನೋಡುವುದು, ಅಣಕು ಪರೀಕ್ಷೆ ಬರೆಯುವುದು. ಇದಕ್ಕೆ ಟ್ಯಾಬ್ಲೆಟ್ ಸಾಕು. ಮನೆಯಲ್ಲಿ ಒಳ್ಳೆಯ ಫೋನ್ ಇದ್ದರೆ ಅದೂ ನಡೆಯುತ್ತದೆ. ನೀಟ್ ಪರೀಕ್ಷೆಗೆ ಓದುವ ಮಗುವಿಗೆ ಲ್ಯಾಪ್‌ಟಾಪಿಗಿಂತ ಪ್ರಶ್ನೆಪತ್ರಿಕೆಗಳ ಪುಸ್ತಕ, ಕೂತು ಓದಲು ಒಂದು ಜಾಗ ಹೆಚ್ಚು ಮುಖ್ಯ. ಹೀಗಾಗಿ ಪಿಯುಸಿ ಅರ್ಜಿಗಳಿಗೆ ಲ್ಯಾಪ್‌ಟಾಪ್ ಕೊಡುವುದು ನಮ್ಮಲ್ಲಿ ಅಪರೂಪ.

ಪದವಿಗೆ ಬಂದ ಮೇಲೆ ಟೈಪಿಂಗ್ ಕೆಲಸ ಹೆಚ್ಚುತ್ತದೆ, ಟ್ಯಾಬ್ಲೆಟ್ ಸಾಲುವುದಿಲ್ಲ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಕೊರೊನಾ ಕಾಲದಲ್ಲಿ ಮನೆಯಿಂದಲೇ ಪಾಠ ಕೇಳುವ ಅನಿವಾರ್ಯ ಇದ್ದಾಗ ಅದು ಸರಿಹೋಗುವ ಸಾಧನ. ನಲವತ್ತು ಪುಟದ ವರದಿ ಬರೆಯಲು, ಎಕ್ಸೆಲ್ ಕಲಿಯಲು ಮಾತ್ರ ಕೀಲಿಮಣೆ ಇರುವ ಯಂತ್ರವೇ ಬೇಕು.

ಬಿಎ, ಬಿ.ಎಡ್ ವಿದ್ಯಾರ್ಥಿಗಳಿಗೆ ಬರವಣಿಗೆ, ಇಂಟರ್ನೆಟ್, ಪಾಠ ಮಾಡಲು ಸ್ಲೈಡ್ ತಯಾರಿಸುವುದು ಮುಖ್ಯ. ಸಾಮಾನ್ಯ ಶಕ್ತಿಯ ಯಾವ ಯಂತ್ರವಾದರೂ ಸಾಕು. ಕನ್ನಡ ಗಣಕ ಪರಿಷತ್ತಿನ 'ನುಡಿ', 1998ರಿಂದ ಬಳಕೆಯಲ್ಲಿರುವ 'ಬರಹ', ಉರ್ದು ಕೀಲಿಮಣೆ, ನಸ್ತಾಲೀಕ್ ಅಕ್ಷರಗಳು ಇವ್ಯಾವುದಕ್ಕೂ ದುಬಾರಿ ಯಂತ್ರ ಬೇಡ.

ಬಿ.ಕಾಂ ಓದುವವರಿಗೆ ಟ್ಯಾಲಿ ಕಲಿಯಲೇಬೇಕು. ನಮ್ಮ ಬೆಂಗಳೂರಿನದೇ ಕಂಪನಿ ರೂಪಿಸಿದ ಈ ತಂತ್ರಾಂಶ ವಿಂಡೋಸ್‌ನಲ್ಲಿ ನಡೆಯುತ್ತದೆ. ಅಗ್ಗ ಎಂದು ಕ್ರೋಮ್‌ಬುಕ್ ಅಥವಾ ಆಂಡ್ರಾಯ್ಡ್ ಲ್ಯಾಪ್‌ಟಾಪ್ ಕೊಂಡರೆ ಟ್ಯಾಲಿಯನ್ನು ಅದರಲ್ಲಿ ನೇರವಾಗಿ ಹಾಕಿಕೊಳ್ಳಲು ಆಗುವುದಿಲ್ಲ. ಟ್ಯಾಲಿಪ್ರೈಮ್‌ನಲ್ಲಿ ಹಣ ಕೊಡದೆ ಬಳಸಬಹುದಾದ 'ಎಜುಕೇಶನಲ್ ಮೋಡ್' ಇದೆ. ಅದರಲ್ಲಿ ತಿಂಗಳ ಕೆಲವೇ ನಿಗದಿತ ತಾರೀಖುಗಳಿಗೆ ಮಾತ್ರ ವೋಚರ್ ನಮೂದಿಸಬಹುದು. ಕಲಿಯುವವರಿಗೆ ಅಷ್ಟು ಸಾಕು. ಕಳ್ಳ ಪ್ರತಿ ಹಾಕಿಸಿಕೊಳ್ಳುವ ಅಗತ್ಯವೇ ಇಲ್ಲ.

ಬಿಸಿಎ, ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್‌ಗೆ 8 ಜಿಬಿ ಮೆಮೊರಿ ಕನಿಷ್ಠ; ಅದನ್ನು 16ಕ್ಕೆ ಏರಿಸಲು ಅವಕಾಶ ಇರಬೇಕು. ಸಿವಿಲ್, ಮೆಕ್ಯಾನಿಕಲ್ ಓದುವವರು ಬಳಸುವ ಆಟೋಕ್ಯಾಡ್‌ಗೆ ಕನಿಷ್ಠ 8 ಜಿಬಿಯಾದರೂ ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಅರ್ಹ ವಿದ್ಯಾರ್ಥಿಗಳಿಗೆ ಇದರ ಶೈಕ್ಷಣಿಕ ಪರವಾನಗಿ ಉಚಿತವಾಗಿ ಸಿಗುತ್ತದೆ. ಆಟ ಆಡಲೆಂದು ಮಾಡಿದ ಭಾರವಾದ 'ಗೇಮಿಂಗ್' ಲ್ಯಾಪ್‌ಟಾಪ್ ಬೇಕೆಂದು ಮಕ್ಕಳು ಹಟ ಹಿಡಿಯುವುದುಂಟು. ಮೈಸೂರು ರಸ್ತೆಯ ತುಂಬಿದ ಬಸ್ಸಿನಲ್ಲಿ ಕೆಂಗೇರಿ, ಕುಂಬಳಗೋಡಿನ ಕಾಲೇಜಿಗೆ ದಿನವೂ ಅದನ್ನು ಹೊತ್ತು ಹೋಗುವುದನ್ನು ನೆನೆಸಿಕೊಂಡರೆ ಆಸೆ ಸ್ವಲ್ಪ ಇಳಿಯುತ್ತದೆ.

ಅಂಗಡಿಯವರು ಹೇಳುವ ಅಂಕಿಗಳ ಅರ್ಥ

ನಾಲ್ಕು ಮಾತು ಗೊತ್ತಿದ್ದರೆ ಸಾಕು, ಅಂಗಡಿಯಲ್ಲಿ ಧೈರ್ಯವಾಗಿ ನಿಲ್ಲಬಹುದು.

ಒಂದು, ಪ್ರೊಸೆಸರ್. "ಐ7 ಇದೆ ಸಾರ್" ಎಂಬ ಒಂದೇ ಮಾತಿಗೆ ಮರುಳಾಗಬೇಡಿ. ಇಂಟೆಲ್‌ನ 'ಐ3', 'ಐ5', 'ಐ7' ಆದ ಮೇಲೆ ಬರುವ ಅಂಕಿ ಅದು ಎಷ್ಟನೇ ತಲೆಮಾರಿನದು ಎಂದು ಹೇಳುತ್ತದೆ. 'ಐ5-8250ಯು' ಎಂದರೆ ಎಂಟನೇ ತಲೆಮಾರು. 'ಐ7-3520ಎಂ' ಎಂದರೆ ಮೂರನೆಯದು, ಒಂದು ದಶಕಕ್ಕಿಂತ ಹಳೆಯದು. ಅಂಕಿ 10, 11, 12 ಎಂದು ಶುರುವಾದರೆ ಹತ್ತನೇ, ಹನ್ನೊಂದನೇ, ಹನ್ನೆರಡನೇ ತಲೆಮಾರು. ಹೊಸ ಐ3 ಹಳೆಯ ಐ7ಗಿಂತ ವೇಗವಾಗಿರುವುದು ಸಾಮಾನ್ಯ.

ಹಾಗೆಯೇ 'ಹೊಸದು' ಎಂಬ ಪದವೂ ಪೂರ್ತಿ ಕಥೆ ಹೇಳುವುದಿಲ್ಲ. ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಸೆಲೆರಾನ್ ಎನ್4020 ಪ್ರೊಸೆಸರಿಗೆ ಇರುವುದು ಎರಡೇ ಕೋರ್. ಅದಕ್ಕಿಂತ ಹಳೆಯದಾದ ಐ5-8250ಯುಗೆ ನಾಲ್ಕು. ಡಬ್ಬಿ ಒಡೆಯದ ಯಂತ್ರ ನಿಧಾನವಾಗಿಯೂ, ಗೀರು ಬಿದ್ದ ಯಂತ್ರ ಚುರುಕಾಗಿಯೂ ಇರುವುದು ಈ ಕಾರಣಕ್ಕೆ.

ಎರಡು, ಮೆಮೊರಿ, ಅಂದರೆ ರ್‍ಯಾಮ್. 4 ಜಿಬಿ ಇಂದು ಸಾಲುವುದಿಲ್ಲ. ಅಗ್ಗದ ಹಲವು ಮಾದರಿಗಳಲ್ಲಿ ಇದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲಾಗದು. "ಎಕ್ಸ್‌ಟ್ರಾ ಸ್ಲಾಟ್ ಇದೆಯಾ?" ಎಂದು ಕೇಳಿ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿದೆ. ಹಾಗಾಗಿ ಈಗಾಗಲೇ 8 ಜಿಬಿ ಇರುವುದನ್ನೇ ಕೊಳ್ಳುವುದು ಲಾಭ.

ಮೂರು, ಸಂಗ್ರಹ. 'ಎಸ್‌ಎಸ್‌ಡಿ' ಇರಬೇಕು, 256 ಜಿಬಿ ಆದರೆ ನೆಮ್ಮದಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಹೊಸ ಜೀವ ಪಡೆಯುತ್ತದೆ. ಅಗ್ಗದ ಮಾದರಿಗಳಲ್ಲಿ ಬರುವ 64 ಜಿಬಿಯ 'ಇಎಂಎಂಸಿ' ಬೇಡ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಅದರಲ್ಲಿ ದೊಡ್ಡ ಪಾಲನ್ನು ನುಂಗುತ್ತವೆ, ಮಗುವಿನ ಪಾಠಕ್ಕೆ ಜಾಗ ಉಳಿಯುವುದಿಲ್ಲ.

ನಾಲ್ಕು, ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮನೆಬಳಕೆದಾರರಿಗೆ ನೋಂದಣಿ ಮಾಡಿಕೊಂಡರೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟವಾಗಿತ್ತು. ವಿಂಡೋಸ್ 11 ನಿಯಮದಂತೆ ನಡೆಯಬೇಕಾದರೆ, ಕೆಲವೇ ಅಪವಾದ ಬಿಟ್ಟು, ಇಂಟೆಲ್ ಎಂಟನೇ ತಲೆಮಾರು ಅಥವಾ ಎಎಂಡಿ ರೈಜನ್ 2000 ಸರಣಿಯಿಂದ ಈಚಿನ ಪ್ರೊಸೆಸರ್ ಬೇಕು, 'ಟಿಪಿಎಂ 2.0' ಎಂಬ ಭದ್ರತಾ ಭಾಗವೂ ಬೇಕು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಆರನೇ, ಏಳನೇ ತಲೆಮಾರಿನ ಯಂತ್ರಗಳು ಅಗ್ಗವಾಗಿ ಸಿಗಲು ಇದೂ ಒಂದು ಕಾರಣ. ವಿಂಡೋಸ್ ಬೇಕಾದ ವಿದ್ಯಾರ್ಥಿಗೆ ಎಂಟನೇ ತಲೆಮಾರಿಗಿಂತ ಹಳೆಯದನ್ನು ನಾವು ಕೊಳ್ಳುವುದಿಲ್ಲ.

ಎಸ್.ಪಿ. ರೋಡಿಗೆ ಹೋಗುವ ಮುನ್ನ

ಬೆಂಗಳೂರಿನಲ್ಲಿ ಇರುವುದರ ಒಂದು ಅನುಕೂಲವೆಂದರೆ ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳು. ಅವು ಮೂರು ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪ್‌ಗಳನ್ನು ಒಟ್ಟಿಗೆ ವಿಲೇವಾರಿ ಮಾಡುತ್ತವೆ. ಅವುಗಳಲ್ಲಿ ಬಹಳಷ್ಟು ಕಚೇರಿ ಬಳಕೆಗೆಂದೇ ಮಾಡಿದ ಗಟ್ಟಿ ಮಾದರಿಗಳು: ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೀಟ್‌ಬುಕ್ 840 ಜಿ5 ಮುಂತಾದವು. ಇವು 2018ರ ಸುಮಾರಿಗೆ ಬಂದವು, ಎಂಟನೇ ತಲೆಮಾರಿನ ಪ್ರೊಸೆಸರ್‌ನೊಂದಿಗೆ ಸಿಗುತ್ತವೆ. ಮೆಮೊರಿ, ಎಸ್‌ಎಸ್‌ಡಿ, ಬ್ಯಾಟರಿ ಎಲ್ಲವನ್ನೂ ಬದಲಿಸಬಹುದು. ಬಿಡಿಭಾಗಗಳೂ ಪೇಟೆಯಲ್ಲಿವೆ. ರಿಪೇರಿ ಮಾಡಬಲ್ಲ ಯಂತ್ರವೇ ಬಡವರ ಯಂತ್ರ ಎಂಬುದು ನಮ್ಮ ಅನಿಸಿಕೆ.

ರಾಜಾಜಿನಗರದಿಂದ ಹೋಗುವವರಿಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ನೇರ. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಚಿಕ್ಕಪೇಟೆ ನಿಲ್ದಾಣದಿಂದ ಎಸ್.ಪಿ. ರೋಡಿಗೆ ನಡೆದೇ ಹೋಗಬಹುದು. ಹೋಗುವಾಗ ಕಂಪ್ಯೂಟರ್ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ದಿನವೇ ಕೊಳ್ಳಬೇಡಿ, ಮೂರು ಅಂಗಡಿಯಲ್ಲಿ ವಿಚಾರಿಸಿ. ಅಲ್ಲಿ ನೋಡಬೇಕಾದದ್ದು ಇಷ್ಟು:

ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯುವ ಸೌಲಭ್ಯವಿದೆ. ಹೊಸದಾಗಿದ್ದಾಗ ಎಷ್ಟು ಸಾಮರ್ಥ್ಯ ಇತ್ತು, ಈಗ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಚೌಕಾಸಿ ಮಾಡಿ. ಬ್ಯಾಟರಿ ಉಬ್ಬಿದ್ದರೆ ಮುಟ್ಟಬೇಡಿ.

ಬೀಗ. ಕಂಪನಿಯ ಯಂತ್ರಗಳಿಗೆ 'ಬಯೋಸ್' ಪಾಸ್‌ವರ್ಡ್ ಅಥವಾ ದೂರದಿಂದ ನಿಯಂತ್ರಿಸುವ ವ್ಯವಸ್ಥೆ ಇರುತ್ತದೆ. ಅದನ್ನು ತೆಗೆದಿರಬೇಕು. ಆನ್ ಮಾಡಿದಾಗ ಯಾವುದೋ ಕಂಪನಿಯ ಹೆಸರು ಕಾಣಿಸಿ ಲಾಗಿನ್ ಕೇಳಿದರೆ ಅಂಥದ್ದು ಬೇಡ. ಕದ್ದ ಮಾಲೂ ಆಗಿರಬಹುದು.

ದೇಹ. ಪರದೆಯ ಹಿಂಜ್ ಬಿಗಿಯಾಗಿದೆಯೇ, ಎಲ್ಲ ಕೀಲಿಗಳೂ ಒತ್ತುತ್ತವೆಯೇ, ಕ್ಯಾಮೆರಾ, ಮೈಕ್, ಸ್ಪೀಕರ್, ಯುಎಸ್‌ಬಿ, ವೈಫೈ ಕೆಲಸ ಮಾಡುತ್ತವೆಯೇ ನೋಡಿ. ಚಾರ್ಜರ್ ಅದೇ ಯಂತ್ರಕ್ಕೆ ಹೊಂದುವ ವಾಟ್‌ನದು ಇರಬೇಕು.

ವಿಂಡೋಸ್ ಪರವಾನಗಿ. ಇಂಥ ಕಚೇರಿ ಯಂತ್ರಗಳ ಬೋರ್ಡಿನಲ್ಲೇ ಸಾಮಾನ್ಯವಾಗಿ ಅಸಲಿ ಪರವಾನಗಿ ಸೇರಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಆಕ್ಟಿವೇಟೆಡ್' ಎಂದು ಬರುತ್ತದೆಯೇ ನೋಡಿ. "ಕ್ರ್ಯಾಕ್ ಹಾಕಿ ಕೊಡ್ತೀವಿ" ಎಂದರೆ ಒಪ್ಪಬೇಡಿ. ಅದು ತಪ್ಪು ಎಂಬುದು ಒಂದು, ಅದರೊಂದಿಗೆ ವೈರಸ್ ಬರುತ್ತದೆ ಎಂಬುದು ಇನ್ನೊಂದು.

ಬಿಲ್. ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಯಂತ್ರದ ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಬರೆಸಿ. ಬಾಯಿಮಾತಿನ ವಾರಂಟಿ ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಉಳಿಯುವುದಿಲ್ಲ.

ಹೊಸದನ್ನೇ ಕೊಳ್ಳುವ ಕುಟುಂಬಗಳಿಗೂ ಒಂದು ಮಾತು. 'ನೋ ಕಾಸ್ಟ್ ಇಎಂಐ' ಎಂದರೆ ಬಡ್ಡಿಯೇ ಇಲ್ಲ ಎಂದು ಹಲವರು ತಿಳಿಯುತ್ತಾರೆ. ಕ್ರೆಡಿಟ್ ಕಾರ್ಡಿನ ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟನ್ನು ಮಾರಾಟಗಾರರು ರಿಯಾಯಿತಿಯಾಗಿ ಬೆಲೆಯಲ್ಲಿ ಇಳಿಸುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೇ ಬರುತ್ತದೆ. ಬಡ್ಡಿಯಿಂದ ದೂರ ಇರಬೇಕೆನ್ನುವವರು ಸಹಿ ಹಾಕುವ ಮುನ್ನ ಪೂರ್ತಿ ಲೆಕ್ಕ ಬರೆಸಿಕೊಳ್ಳಿ.

ತರಗತಿಗೆ ಬೇರೆಯೇ ಲೆಕ್ಕ

ಒಬ್ಬ ವಿದ್ಯಾರ್ಥಿಯ ಯಂತ್ರವನ್ನು ಒಬ್ಬರೇ ಜೋಪಾನ ಮಾಡುತ್ತಾರೆ. ಶಾಲೆಯಲ್ಲಿ, ಸಂಜೆಯ ಟ್ಯೂಷನ್ ಕೇಂದ್ರದಲ್ಲಿ ಇಡುವ ಯಂತ್ರ ಹತ್ತಾರು ಕೈ ದಾಟುತ್ತದೆ. ಇದಕ್ಕೆ ನಾವು ಗಮನಿಸಿದ ಮಾದರಿ ಕಾಸರಗೋಡಿನದು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ ಕೇರಳದ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು 'ಕೈಟ್' ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. 2018ರಲ್ಲಿ ಶುರುವಾದ ಅದರ ಹೈಟೆಕ್ ಶಾಲಾ ಯೋಜನೆ ಎಂಟರಿಂದ ಹನ್ನೆರಡನೇ ತರಗತಿವರೆಗಿನ 45,000 ತರಗತಿ ಕೋಣೆಗಳನ್ನು ತಲುಪಿತು.

ಆ ಯೋಜನೆಯಲ್ಲಿ ಕಲಿಯಬೇಕಾದದ್ದು ಮೂರು. ಮೊದಲನೆಯದು, ಪ್ರತಿ ಮಗುವಿಗೊಂದು ಯಂತ್ರ ಎನ್ನುವ ಬದಲು ಪ್ರತಿ ತರಗತಿಗೆ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಎಂಬ ಲೆಕ್ಕ. ಒಂದೇ ಯಂತ್ರದಿಂದ ಇಡೀ ತರಗತಿ ಪಾಠ ನೋಡುತ್ತದೆ. ಎರಡನೆಯದು, ಉಚಿತವಾಗಿ ಸಿಗುವ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶದ ಬಳಕೆ. ಪರವಾನಗಿಗೆ ಹಣ ಕೊಡಬೇಕಿಲ್ಲ, ಹಳೆಯ ಯಂತ್ರವೂ ನಡೆಯುತ್ತದೆ, ಕನ್ನಡವೂ ಬರುತ್ತದೆ. ಮೂರನೆಯದು, 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಗುಂಪುಗಳು. ಶಾಲೆಯ ಯಂತ್ರಗಳ ಸಣ್ಣಪುಟ್ಟ ನಿಗಾ ಮಕ್ಕಳೇ ಕಲಿಯುತ್ತಾರೆ.

ನಮ್ಮಂಥ ಸಣ್ಣ ಟ್ರಸ್ಟಿಗೂ ಇದು ಹೊಂದುತ್ತದೆ. ವಿಂಡೋಸ್ 11 ನಡೆಯದ ಹಳೆಯ ಯಂತ್ರಗಳು ಲಿನಕ್ಸ್‌ನಲ್ಲಿ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷದ ಭದ್ರತಾ ಅಪ್‌ಡೇಟ್ ಇರುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಪತ್ರ, ಲೆಕ್ಕದ ಹಾಳೆ, ಸ್ಲೈಡ್ ಎಲ್ಲವನ್ನೂ ಮಾಡಬಹುದು. ಆದ್ದರಿಂದ ಹಳೆಯ ಯಂತ್ರಗಳನ್ನು ಟ್ಯೂಷನ್ ಕೇಂದ್ರಗಳಿಗೂ, ವಿಂಡೋಸ್ 11 ನಡೆಯುವವನ್ನು ಟ್ಯಾಲಿ, ಆಟೋಕ್ಯಾಡ್ ಬೇಕಾದ ಪದವಿ ವಿದ್ಯಾರ್ಥಿಗಳಿಗೂ ಹಂಚುವುದು ನಮ್ಮ ಪದ್ಧತಿ. ಯಂತ್ರ ಕೇಳುವ ಕೇಂದ್ರಗಳಿಗೆ ನಮ್ಮದು ಎರಡೇ ಷರತ್ತು: ಬೀಗ ಹಾಕುವ ಬೀರು ಮತ್ತು ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಪಾಯಿಂಟ್ ಇರಬೇಕು, ಯಂತ್ರಕ್ಕೆ ಹೊಣೆಯಾಗಿ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿಯ ಹೆಸರು ಬರೆದುಕೊಡಬೇಕು.

ಯಾವ ಹಣದಿಂದ ಯಾವುದು

ದಾನಿಗಳು ಆಗಾಗ ಕೇಳುವ ಪ್ರಶ್ನೆ: ಝಕಾತ್ ಹಣದಿಂದ ಲ್ಯಾಪ್‌ಟಾಪ್ ಕೊಡಬಹುದೇ? ಝಕಾತ್ ಅರ್ಹ ವ್ಯಕ್ತಿಯ ಸ್ವತ್ತಾಗಿಯೇ ಅವರ ಕೈ ಸೇರಬೇಕು ಎಂಬುದು ಹನಫಿ ವಿದ್ವಾಂಸರ ನಿಲುವು. ಅದರಂತೆ ಝಕಾತ್ ಹಣದಲ್ಲಿ ಕೊಂಡ ಲ್ಯಾಪ್‌ಟಾಪ್ ಅರ್ಹ ವಿದ್ಯಾರ್ಥಿಯದೇ ಆಗುತ್ತದೆ. ಬಿಲ್ ಅವರ ಹೆಸರಿನಲ್ಲಿ ಇರುತ್ತದೆ, ಓದು ಮುಗಿದ ಮೇಲೆ ನಾವು ವಾಪಸು ಕೇಳುವುದಿಲ್ಲ. ಟ್ಯೂಷನ್ ಕೇಂದ್ರದ ಯಂತ್ರ, ಎರವಲು ಕೊಟ್ಟು ವಾಪಸು ಪಡೆಯುವ ಯಂತ್ರ, ರಿಪೇರಿ ನಿಧಿ ಇವೆಲ್ಲ ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ನಡೆಯುತ್ತವೆ. ಆದ್ದರಿಂದ ರಸೀದಿ ಪಡೆಯುವಾಗ ನಿಮ್ಮ ಹಣ ಯಾವ ಬಾಬ್ತಿನದು ಎಂದು ದಯವಿಟ್ಟು ಬರೆಸಿ. ನಿಮ್ಮ ಸ್ವಂತ ಸಂದೇಹಗಳಿಗೆ ನೀವು ನಂಬುವ ಆಲಿಮರನ್ನು ಕೇಳಿ.

ಒಂದು ವಿನಂತಿಯೂ ಇದೆ. ರಿಪೇರಿ ನಿಧಿಗೆ ಹಣ ಕೊಡುವವರು ಕಡಿಮೆ. ಹೊಸ ಯಂತ್ರ ಕೊಟ್ಟೆ ಎಂದು ಹೇಳಿಕೊಳ್ಳುವಷ್ಟು ಹಿತ ಬ್ಯಾಟರಿ ಕೊಡಿಸಿದೆ ಎನ್ನುವುದರಲ್ಲಿ ಇಲ್ಲ, ಸಹಜ. ಆದರೆ ಎರಡನೇ ವರ್ಷದಲ್ಲಿ ಚಾರ್ಜರ್ ಸುಟ್ಟು ಮೂಲೆ ಸೇರಿದ ಲ್ಯಾಪ್‌ಟಾಪ್, ದಾನಿಯ ಪೂರ್ತಿ ಹಣವನ್ನೂ ಮೂಲೆಗೆ ಸೇರಿಸುತ್ತದೆ. ಸಣ್ಣ ಮೊತ್ತದ ಒಂದು ರಿಪೇರಿ ಅದನ್ನು ಮತ್ತೆ ಮಗುವಿನ ಮುಂದೆ ತರುತ್ತದೆ.

ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಬಳಸದೆ ಇಟ್ಟ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ಕೊಡಬಹುದು. ಕೊಡುವ ಮುನ್ನ ನಿಮ್ಮ ಫೋಟೊ, ಬ್ಯಾಂಕ್ ದಾಖಲೆಗಳನ್ನು ಬೇರೆಡೆಗೆ ಉಳಿಸಿಕೊಂಡು ಯಂತ್ರವನ್ನು ಪೂರ್ತಿ ಅಳಿಸಿ, ಖಾತೆಯಿಂದ ಹೊರಬನ್ನಿ, ಚಾರ್ಜರ್ ಜೊತೆಗೇ ಕೊಡಿ. ರಿಪೇರಿಗೂ ಬಾರದ ಯಂತ್ರಗಳನ್ನು ಗುಜರಿಗೆ ಹಾಕಬೇಡಿ. ಬ್ಯಾಟರಿ ಒಡೆದು, ವೈರ್ ಸುಟ್ಟು ತಾಮ್ರ ತೆಗೆಯುವ ಕೆಲಸದಲ್ಲಿ ಹೊಗೆ ಕುಡಿಯುವವರು ಬಡವರ ಮಕ್ಕಳೇ. ಅವನ್ನು ಅಧಿಕೃತ ಇ-ತ್ಯಾಜ್ಯ ಘಟಕಗಳಿಗೇ ಕಳುಹಿಸಬೇಕು. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಇಂಥ ಘಟಕ 2005ರಿಂದಲೇ ಇದೆ.

ಅರ್ಜಿ ಹಾಕುವ ಕುಟುಂಬಗಳಿಗೆ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಲ್ಯಾಪ್‌ಟಾಪ್ ಕೇಳುವವರು ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದರೆ ನಿರ್ಧಾರ ಬೇಗ ಆಗುತ್ತದೆ:

1. ಕೋರ್ಸ್, ಈಗ ಓದುತ್ತಿರುವ ವರ್ಷ, ಕೋರ್ಸ್ ಮುಗಿಯುವ ವರ್ಷ.

2. ಕಾಲೇಜು ಹೇಳಿರುವ ತಂತ್ರಾಂಶಗಳ ಹೆಸರು. ಗೊತ್ತಿಲ್ಲದಿದ್ದರೆ ವಿಭಾಗದ ಅಧ್ಯಾಪಕರನ್ನು ಕೇಳಿ ಬರೆಸಿಕೊಂಡು ಬನ್ನಿ.

3. ಮನೆಯಲ್ಲಿ ಈಗ ಇರುವ ಸಾಧನ: ಫೋನ್, ಟ್ಯಾಬ್ಲೆಟ್, ಹಳೆಯ ಕಂಪ್ಯೂಟರ್. ಕೆಟ್ಟುಹೋಗಿದ್ದರೂ ಬರೆಯಿರಿ, ರಿಪೇರಿ ಮಾಡಿಸಿ ಕೊಡುವುದೇ ಕೆಲವೊಮ್ಮೆ ಸರಿಯಾದ ನೆರವು.

4. ಆ ಸಾಧನವನ್ನು ಎಷ್ಟು ಮಂದಿ ಹಂಚಿಕೊಳ್ಳುತ್ತಾರೆ.

5. ಸರ್ಕಾರದಿಂದ, ಕಾಲೇಜಿನಿಂದ ಅಥವಾ ಬೇರೆ ಸಂಸ್ಥೆಯಿಂದ ಈಗಾಗಲೇ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಬಂದಿದ್ದರೆ ಅದರ ವಿವರ.

ಒಂದೇ ಮನೆಯ ಇಬ್ಬರು ಮಕ್ಕಳು ಓದುತ್ತಿದ್ದರೆ ಇಬ್ಬರ ಹೆಸರನ್ನೂ ಬರೆಯಿರಿ. ಯಂತ್ರ ಅಣ್ಣನ ಹೆಸರಿಗೆ ಬಂದು, ತಂಗಿಗೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾತ್ರ ಸಿಗುವಂತಾಗಬಾರದು. ಹೆಣ್ಣುಮಕ್ಕಳ ಅರ್ಜಿಯನ್ನು ಅವರ ಹೆಸರಿನಲ್ಲೇ ಹಾಕಿಸಿ. ಯಾರ ಕೋರ್ಸಿಗೆ ಹೆಚ್ಚು ಅಗತ್ಯವೋ ಅವರ ಹೆಸರಿಗೇ ನಾವು ಕೊಡುತ್ತೇವೆ.

ಲ್ಯಾಪ್‌ಟಾಪ್ ಪಡೆದವರು ನಾಲ್ಕು ಅಭ್ಯಾಸ ಇಟ್ಟುಕೊಂಡರೆ ಅದು ಕೋರ್ಸ್ ಮುಗಿಯುವವರೆಗೆ ಬಾಳುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ, ಗಾಳಿಯ ದಾರಿ ಮುಚ್ಚಿ ಬಿಸಿಯಾಗುತ್ತದೆ. ಚಾರ್ಜ್ ಅನ್ನು 80ಕ್ಕೆ ನಿಲ್ಲಿಸುವ ಸೌಲಭ್ಯ ಯಂತ್ರದಲ್ಲಿದ್ದರೆ ಅದನ್ನು ಆನ್ ಮಾಡಿ, ಬ್ಯಾಟರಿ ಹೆಚ್ಚು ಕಾಲ ಬರುತ್ತದೆ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇರಲಿ. ಪ್ರಾಜೆಕ್ಟಿನ ಫೈಲುಗಳನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು, ಆರು ತಿಂಗಳ ಕೆಲಸವನ್ನು ತರಲಾಗದು.

ಏನೇ ತೊಂದರೆಯಾದರೂ ಯಂತ್ರವನ್ನು ಬೀರುವಿನಲ್ಲಿ ಇಟ್ಟು ಸುಮ್ಮನಾಗಬೇಡಿ, ಸಂಕೋಚವಿಲ್ಲದೆ ಕಚೇರಿಗೆ ತನ್ನಿ. ಅರ್ಜಿ ನಮೂನೆ, ಬೇಕಾದ ದಾಖಲೆಗಳ ಪಟ್ಟಿ ಮತ್ತು ಕಚೇರಿಯ ಸಮಯ ಈ ವರದಿಯ ಕೊನೆಯ ಪುಟಗಳಲ್ಲಿವೆ. ಮಕ್ಕಳ ಓದು ಸುಗಮವಾಗಲಿ, ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ ಎಂಬುದು ನಮ್ಮ ದುಆ.